ಕೊಳವೆಗೆ ಎಳೆದ ವಿಭೂತಿ

ಮೂರು ವರ್ಷದ ಹಿಂದಿನ ಮಹಾನವಮಿ. ಇಂಡಿ ಕಡೆಯ ಸಕ್ಕರೆ ಕಾರ್ಖಾನೆಯ ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ನಮ್ಮ ಮನೆಯವರ ಜೊತೆ ನಾನೂ ಹೋಗಿದ್ದೆ. ಅವರು ಅಲ್ಲಿ ಯಂತ್ರಗಳ ಎಣ್ಣೆ ನೋಡಿಕೊಳ್ಳುತ್ತಾರೆ. ಎರಡು ಬೆರಳಲ್ಲಿ ತಿಕ್ಕಿ ನೋಡಿದರೆ ಸಾಕು, ಎಣ್ಣೆ ಕೆಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಆ ವರ್ಷ ಎಣ್ಣೆ ಹರಿಯುವ ಕೊಳವೆಗೆ ಹೊಸದೊಂದು ಸೆನ್ಸರ್ ಕಟ್ಟಿದ್ದರು. ನಮ್ಮ ಕಿವಿಗೆ ಕೇಳದ ಸದ್ದನ್ನು ಎಣ್ಣೆಯೊಳಗೆ ಬಿಟ್ಟು ಅದರ ಗುಣ ಹೇಳುತ್ತದಂತೆ. "ನನ್ನ ಬೆರಳಿಗೆ ಸವತಿ ಬಂದಾಳ" ಎಂದು ಇವರು ಎಲ್ಲರ ಮುಂದೆ ಗೊಣಗಿದ್ದರು.

ಪೂಜೆಗೆ ಮೊದಲು ಹೆಂಗಸರೆಲ್ಲ ಯಂತ್ರ ಒರೆಸುತ್ತಿದ್ದೆವು. ಸೆನ್ಸರಿನ ಬುಡದಲ್ಲಿ ಅಂಟಂಟು ಲೋಳೆ ಕಂಡಿತು. ದೇವರ ಕೆಲಸಕ್ಕೆ ಹೊಲಸು ಇರಬಾರದೆಂದು ಸೆನ್ಸರ್ ಬಿಗಿದಿದ್ದ ಪಟ್ಟಿ ಸಡಿಲಿಸಿ, ಚೆನ್ನಾಗಿ ಒರೆಸಿ, ಕೊಳವೆಗೆ ಮೂರೆಳೆ ವಿಭೂತಿ ಎಳೆದು ಮತ್ತೆ ಬಿಗಿದೆ.

ಮಂಗಳಾರತಿಯಾದ ಮೇಲೆ ಯಂತ್ರವನ್ನು ಒಮ್ಮೆ ತಿರುಗಿಸುವುದು ಪದ್ಧತಿ. ನೋಡಿದರೆ ಸೆನ್ಸರ್ ಸತ್ತಂತಿದೆ, ಕೆಂಪು ದೀಪ. ಸೂಪರ್‌ವೈಸರ್ ಇವರ ಕಡೆ ತಿರುಗಿದರು.

"ಸವತಿ ಅಂತಿದ್ದೆಲ್ಲೋ, ನೀನ ಕೆಡಿಸಿದಿ. ನಾಳಿಂದ ಮನ್ಯಾಗ ಕುಂಡ್ರು."

"ನಾ ಮುಟ್ಟಿಲ್ರಿ ಸಾಹೇಬ್ರ" ಎಂದರು ಇವರು. ಯಾರೂ ನಂಬಲಿಲ್ಲ.

ನಾನು ಆರತಿ ತಟ್ಟೆ ಕೆಳಗಿಟ್ಟೆ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಇವರ ಕೆಲಸ ಹೋಗುತ್ತಿತ್ತು.

"ಒರಸಿದಾಕಿ ನಾನರಿ. ಲೋಳಿ ತಗದು ಇಭೂತಿ ಹಚ್ಚೀನಿ" ಎಂದೆ.

ಸೆನ್ಸರ್ ಕೂಡಿಸಿದ್ದ ಎಂಜಿನಿಯರ್, ತಾಳಿಕೋಟೆಯ ಶಬಾನಾ ಮೇಡಂ, ನಕ್ಕುಬಿಟ್ಟರು. "ಅಕ್ಕಾ, ಬಸುರಿದ್ದಾಗ ಸ್ಕ್ಯಾನಿಂಗ್ ಮಾಡಿಸೀರಿಲ್ಲೋ? ಹೊಟ್ಟಿಗೆ ಏನ್ ಹಚ್ಚಿದ್ರು?"

"ತಣ್ಣಂದು ಜೆಲ್ ರಿ."

"ಇದೂ ಹಂಗ. ಜೆಲ್ ಇಲ್ಲಂದ್ರ ನಡುವ ಗಾಳಿ ನಿಂದರತೈತಿ, ಸದ್ದು ಒಳಗ ಹೋಗಂಗಿಲ್ಲ. ಬರ್ರಿ, ನೀವ ಹಚ್ರಿ."

ವಿಭೂತಿಗೆ ಮನಸ್ಸಿನಲ್ಲೇ ಕೈ ಮುಗಿದು, ಒರೆಸಿ, ಹೊಸ ಜೆಲ್ ಹಚ್ಚಿದೆ. ದೀಪ ಹಸಿರಾಯಿತು. ಸೂಪರ್‌ವೈಸರ್ ತಪ್ಪಾಯಿತು ಎನ್ನಲಿಲ್ಲ. ಆದರೆ ಮೊದಲ ಪ್ರಸಾದ ಇವರ ಕೈಗೇ ಕೊಟ್ಟರು.

ಬೈಕಿನಲ್ಲಿ ಮನೆಗೆ ಹೊರಟೆವು. ಬೈಗುಳಕ್ಕೆ ಸಿದ್ಧಳಾಗಿಯೇ ಕೂತಿದ್ದೆ. ಹೊರ್ತಿ ಊರು ದಾಟಿದ ಮೇಲೆ, "ಸವತೀಗಿ ಜಳಕಾ ಮಾಡಿಸಿಬಿಟ್ಟೆಲ್ಲ ನೀ!" ಎಂದು ಜೋರಾಗಿ ನಕ್ಕರು. ದೇವರು ಮಾಡಿದ ಸಣ್ಣ ಸಣ್ಣ ಉಪಕಾರ ಎಣಿಸುವಾಗ ನನಗೆ ಈಗಲೂ ಮೊದಲು ಆ ನಗುವೇ ನೆನಪಾಗುತ್ತದೆ.

ಈಗ ಪೂಜೆಗೆ ಹೋದರೆ, ಕೇಳದೆ ಏನನ್ನೂ ಒರೆಸುವುದಿಲ್ಲ. ವಿಭೂತಿಯನ್ನು ಪಕ್ಕದ ಗೋಡೆಗೆ ಹಚ್ಚುತ್ತೇನೆ. ದೇವರಿಗೆ ಅಲ್ಲಿಂದಲೂ ಕಾಣುತ್ತದೆ.