ಹಳದಿ ನೀರಿನ ವಕೀಲೆ

ರಕ್ತನಿಧಿಯ ಟೆಕ್ನಿಷಿಯನ್ ‘ಪ್ಲಾಸ್ಮಾ ಅಕ್ಕ’ನಿಗೆ ರಕ್ತದ ಕೆಂಪೆಂದರೆ ಅಷ್ಟಕ್ಕಷ್ಟೇ. ಯಂತ್ರದಲ್ಲಿ ಗಿರ್ರನೆ ತಿರುಗಿಸಿದ ನಳಿಕೆಯಲ್ಲಿ ಕೆಂಪು ತಳ ಸೇರಿ ಹಳದಿ ನೀರು, ಅಂದರೆ ಪ್ಲಾಸ್ಮಾ, ಮೇಲೆ ನಿಂತಿತೋ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಜ್ಯೂಸ್ ಕುಡಿಯುತ್ತ ಕೂತ ದಾನಿಗೆ ಪಾಠ ಶುರು: “ನೋಡಣ್ಣ, ಕೆಂಪು ಹೊರೋದು ಹೆಚ್ಚುಕಮ್ಮಿ ಉಸಿರಿನ ಗಾಳಿ ಒಂದನ್ನೇ, ಹೆಸರು ಮಾತ್ರ ಊರಗಲ. ಸಕ್ಕರೆ, ಉಪ್ಪು, ನುಂಗಿದ ಮಾತ್ರೆ ಎಲ್ಲ ಮೈಗೆ ಹಂಚಿ, ಬರುವಾಗ ಕಸಾನೂ ಹೊತ್ತು ತರೋದು ನಮ್ಮ ಹಳದಿ ನೀರು!” ಆ ನೀರು ಹಾಲಿನಂತೆ ಬೆಳ್ಳಗಿದ್ದರಂತೂ ದಾನಿಯ ಕಥೆ ಮುಗಿಯಿತು: “ಕರಿದದ್ದು ಚೆನ್ನಾಗಿ ಬಾರಿಸಿ ಬಂದಿದ್ದೀಯ. ಬಾಯಿ ಸುಳ್ಳು ಹೇಳ್ಬಹುದು, ಇದು ಹೇಳಲ್ಲ.” ದೊಡ್ಡ ಡಾಕ್ಟರು ಬಂದರೂ ಕುರ್ಚಿ ಬಿಟ್ಟೇಳದ ಅಕ್ಕ, ರಕ್ತ ಕೊಡಲು ಬಂದವನು ಗಾರೆ ಕೆಲಸದವನಾದರೂ ಎದ್ದು ನಿಲ್ಲುತ್ತಾಳೆ. ಎಂಥ ಸೆಖೆಯಲ್ಲೂ ತುಂಬುತೋಳಿನ ರವಿಕೆ ಬಿಟ್ಟವಳಲ್ಲ. ಒಮ್ಮೆ ಒದ್ದೆಯಾದ ತೋಳನ್ನು ಮೇಲೆ ಮಡಚಿದಾಗ, ಮಣಿಕಟ್ಟಿನಿಂದ ಹೆಗಲಿನತ್ತ ಹಬ್ಬಿದ ಹಳೆಯ ಸುಟ್ಟ ಕಲೆ ಹೊಸ ನರ್ಸಿನ ಕಣ್ಣಿಗೆ ಬಿತ್ತು. “ಒಂಬತ್ತು ವರ್ಷದವಳಿದ್ದಾಗ ಆಗಿದ್ದು ಕಣೇ. ಚೀಲಗಟ್ಟಲೆ ಹಳದಿ ನೀರು ಹಾಕಿ ಉಳಿಸಿದ್ರು,” ಎಂದು ಅಕ್ಕ ನಕ್ಕಳು. “ಕೊಟ್ಟೋರ ಮುಖ ನೋಡಿಲ್ಲ. ಈಗ ಬರೋರಲ್ಲಿ ಅವರಿರಬಹುದು, ಅವರ ಮಗ ಇರಬಹುದು. ನಾನು ಕೂತೇ ಇದ್ರೆ ಹೇಗೆ?”