ಕಪ್ಪು ಪರದೆಯಲ್ಲಿ ಅಪ್ಪನ ದನಿ

ಶಿರಾದ ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಕೆಲಸ. ತಾಲ್ಲೂಕಿನ ಪೆನ್‌ಡ್ರೈವ್‌ಗಳೆಲ್ಲ ಪ್ರಿಂಟ್ ತೆಗೆಸಲು ಅಲ್ಲಿಗೇ ಬರುತ್ತವೆ, ಬರುವಾಗ ಊರಿಗೊಂದು ವೈರಸ್ಸನ್ನೂ ತರುತ್ತವೆ. ಅಪ್ಪ ತೀರಿಕೊಂಡ ಮೇಲೆ ಅವನ ದನಿಯಿದ್ದ ಪೆನ್‌ಡ್ರೈವನ್ನು ಅಲ್ಲೇ ಹಾಕಿದೆ, ಇನ್ನೊಂದು ಕಾಪಿ ಇರಲಿ ಅಂತ. ತೆರೆದು ನೋಡಿದರೆ ಖಾಲಿ.

ಅಪ್ಪ ಬುಕ್ಕಾಪಟ್ಟಣದ ಕಡೆ ಕುರಿ ಮೇಯಿಸುತ್ತಿದ್ದ. ಸಂಜೆ ಕುರಿಗಳನ್ನು ಕರೆಯುವ ಅವನ ಕೂಗು, ನಡುವೆ ಎರಡು ಸಾಲು ಪದ, ಇಷ್ಟನ್ನು ಒಮ್ಮೆ ಫೋನಿನಲ್ಲಿ ಹಿಡಿದಿದ್ದೆ. ಆ ಫೋನು ನೀರಿನ ತೊಟ್ಟಿಗೆ ಬಿದ್ದು ಹಾಳಾಯಿತು. ಉಳಿದದ್ದು ಈ ಪೆನ್‌ಡ್ರೈವ್ ಒಂದೇ.

ಯಾರನ್ನು ಕೇಳುವುದು? ಯಾರೋ ಹಿಂದಿಯಲ್ಲಿ ಬಡಬಡಿಸುವ ವಿಡಿಯೊ ನೋಡಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಪರದೆ ತೆರೆದೆ. ಅಲ್ಲಿ ಮೌಸಿಗೆ ಬೆಲೆಯಿಲ್ಲ, ಎಲ್ಲವನ್ನೂ ಟೈಪ್ ಮಾಡಿಯೇ ಹೇಳಬೇಕು. ಒಂದು ಸ್ಪೇಸ್ ಬಿಟ್ಟರೂ ತಪ್ಪು ಅನ್ನುತ್ತದೆ, ಸರಿ ಯಾವುದೆಂದು ಹೇಳುವುದಿಲ್ಲ, ಥೇಟ್ ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರು. ಬಾಯಿಗೆ ಬಂದಂತೆ ಬೈದುಕೊಂಡೇ ಕುಟ್ಟಿದೆ. ಒಳಗೇನಿದೆ ತೋರಿಸು ಅನ್ನಲು ಡಿಐಆರ್ ಅಂದರೆ ಏನೂ ತೋರಿಸಲಿಲ್ಲ. ಅದರ ಮುಂದೆ ಓರೆಗೆರೆ ಎಳೆದು ಎ ಸೇರಿಸಿದಾಗ ಫೈಲಿನ ಹೆಸರು ಕಾಣಿಸಿತು. ವೈರಸ್ಸು ಅಪ್ಪನನ್ನು ಅಳಿಸಿರಲಿಲ್ಲ, ಬಚ್ಚಿಟ್ಟಿತ್ತು ಅಷ್ಟೆ. ಆಮೇಲೆ ಅಟ್ರಿಬ್ ಎಂಬ ಕಮಾಂಡು ಕೊಟ್ಟು ಹೊರಗೆ ತಂದೆ, ಅಂಗಡಿಯ ಕಂಪ್ಯೂಟರಿಗೂ ಒಂದು ಕಾಪಿ ಹಾಕಿಕೊಂಡೆ. ಅಲ್ಲೇ ಅತ್ತುಬಿಟ್ಟೆ. "ರೋ ನಕೋ ಬೇಟಿ, ಅಳಬೇಡ, ಮನೆಗೆ ಹೋಗು" ಅಂದರು ಅಂಗಡಿ ಸಾಹೇಬರು.

ಮನೆಯಲ್ಲಿ ಕುರಿ ರೊಪ್ಪದ ಪಕ್ಕ ಕೂತು ಹಾಡಿನ ಡಬ್ಬಿಗೆ ಪೆನ್‌ಡ್ರೈವ್ ಹಾಕಿದೆ. ಅಪ್ಪ ಕೂಗಿದ. ಮಲಗಿದ್ದ ಕುರಿಗಳೆಲ್ಲ ಒಟ್ಟಿಗೆ ಎದ್ದವು. ಮುಳ್ಳುಬೇಲಿಗೆ ಮೈಯೊತ್ತಿ ಅರಚತೊಡಗಿದವು. ಮಾರನೆಯ ದಿನ ಅಣ್ಣ ಎಷ್ಟು ಕರೆದರೂ ಮೇಯಲು ಹೊರಡಲಿಲ್ಲ, ಡಬ್ಬಿ ಇಟ್ಟಿದ್ದ ಜಾಗವನ್ನೇ ನೋಡುತ್ತ ನಿಂತಿದ್ದವು.

"ಅಳಸ್ಬುಡು ಕಣಮ್ಮ" ಅಂದಳು ಅವ್ವ. "ಮೂಗ್ ಜೀವಗಳು. ಅವ್ಕೆ ಇಂಗೆ ಆಸೆ ತೋರುಸ್ಬಾರ್ದು."

"ಅಂಗಡೀಲಿ ಇಟ್ಕಂತೀನಿ ಕಣವ್ವ, ಇಲ್ಗೆ ತರಾಕಿಲ್ಲ."

"ಬ್ಯಾಡ. ಇದ್ರೆ ಇನ್ನೊಂದ್ಕಿತ ಹಾಕ್ತೀಯ. ಅಳಸ್ತೀನಿ ಅಂತ ನನ್ ತಲೆ ಮುಟ್ಟಿ ಹೇಳು."

ಸಿಟ್ಟು ಬಂತು. ಆದರೂ ಮುಟ್ಟಿದೆ. ಮುಟ್ಟಿದ ಮೇಲೆ ಆಣೆ ತಪ್ಪಿ ಇನ್ನೊಂದು ಸಾವನ್ನು ತಲೆಗೆ ಕಟ್ಟಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಅಂಗಡಿಯಲ್ಲಿದ್ದ ಕಾಪಿಯನ್ನು ಮೌಸಿನಿಂದ ಅಳಿಸಿದರೆ ಅದು ಕಂಪ್ಯೂಟರಿನ ಕಸದಬುಟ್ಟಿಯಲ್ಲಿ ಉಳಿದೇ ಇರುತ್ತದೆ, ಆಣೆ ತಪ್ಪಿದಂತಾಗುತ್ತದೆ. ಅದಕ್ಕೇ ಕಪ್ಪು ಪರದೆಯನ್ನೇ ತೆರೆದೆ. ಡಿಇಎಲ್, ಫೈಲಿನ ಹೆಸರು, ಎಂಟರ್. ಪೆನ್‌ಡ್ರೈವಿಗೂ ಅಷ್ಟೇ. ಖಂಡಿತಾನಾ ಅಂತ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅಂದುಬಿಡುತ್ತಿದ್ದೆನೋ ಏನೋ.

ತಿಂಗಳಾದ ಮೇಲೆ ಸಂತೆಗೆ ಬಂದಿದ್ದ ಅವ್ವ ಅಂಗಡಿಗೆ ಬಂದಳು. ಚೀಲವನ್ನು ಕಾಲ ಬಳಿ ಇಟ್ಟು ಸ್ಟೂಲಿನ ಮೇಲೆ ಕೂತಳು. ಸಾಹೇಬರು ಟೀಗೆ ಹೋದ ಮೇಲೆ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಇಲ್ಲಿ ಕುರಿಗ್ಳಿಗೆ ಕೇಳಾಕಿಲ್ಲ ಅಲ್ವಾ? ಒಂದ್ಕಿತ ಹಾಕು" ಅಂದಳು. "ನೀನು ಅಳಸಿರಾಕಿಲ್ಲ ಬುಡು, ನಂಗೊತ್ತು."

ಕಿವಿ ಮೇಲಿದ್ದ ಸೆರಗನ್ನು ಹಿಂದಕ್ಕೆ ಸರಿಸಿಕೊಂಡು ಕಾಯುತ್ತ ಕೂತಳು.