ಇಲ್ಲದ ಊರಿನ ನಿಧನ ವಾರ್ತೆ

ನಮ್ಮ ಪೇಪರಿನಲ್ಲಿ ಯಾರೂ ಸಾಯಬಾರದು ಎಂದು ನಾನು ಮೊದಲೇ ಹೇಳಿಬಿಟ್ಟಿದ್ದೆ. ಪೇಪರು ಎಂದರೆ ಮನೆಬಾಗಿಲಿಗೆ ಬಂದು ಬೀಳುವ ಪೇಪರಲ್ಲ. ನಾನು ಬರೆಯುತ್ತಿದ್ದ ಕಾದಂಬರಿಯೊಳಗೆ ಒಂದು ಸಣ್ಣ ಊರಿತ್ತು. ಎಷ್ಟು ಬರೆದರೂ ಆ ಊರಿಗೆ ಜೀವ ಬರುತ್ತಿರಲಿಲ್ಲ. ಜನ ಬರುತ್ತಿದ್ದರು, ಮಾತಾಡುತ್ತಿದ್ದರು, ಹೋಗುತ್ತಿದ್ದರು. ಅವರ ಮನೆಗೆ ನೀರು ಎಲ್ಲಿಂದ ಬರುತ್ತದೆ, ಸಂತೆ ಯಾವ ವಾರ ಎಂಬುದು ಬರೆಯುವ ನನಗೇ ಗೊತ್ತಿರಲಿಲ್ಲ. ನಾನು ಹಾಳೆ ಹರಿದು ಒಗೆಯುವುದನ್ನು ನೋಡಿ ನೋಡಿ ಸಾಕಾಗಿ ನಮ್ಮ ಮನೆಯವರು ಒಂದು ದಿನ, "ಆ ಊರಿಗೆ ಒಂದು ಪೇಪರ್ ತಗಿ. ಪೇಪರ್ ಇಲ್ಲದ ಊರು ಏನ್ ಊರು?" ಎಂದರು. ಅವರು ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಪುಟ ಕಟ್ಟುವ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತರಾಗಿದ್ದು ಕಾಗದದ ಮೇಲೆ ಮಾತ್ರ, ಬೆರಳು ಸುಮ್ಮನಿರುತ್ತಿರಲಿಲ್ಲ.

ಹೀಗೆ ಮಾಳಮಡ್ಡಿಯ ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಆ ಊರಿನ ವಾರಪತ್ರಿಕೆ ಶುರುವಾಯಿತು. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೇಳಿದವರೆಲ್ಲ ನಕ್ಕಿದ್ದಾರೆ, ನನಗೆ ಸಿಟ್ಟು ಬರುತ್ತದೆ. ನಾನು ಸುದ್ದಿ ಬರೆದು ಕೊಡುವುದು, ಅವರು ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು. ಬಿಳಿ ಹಾಳೆಯ ಮೇಲೆ ತೆಗೆದರೆ ಪೇಪರ್ ಅನ್ನಿಸುವುದಿಲ್ಲವೆಂದು ಗೆಳೆಯರ ಪ್ರೆಸ್ಸಿನಿಂದ ಮಾಸಲು ಬಣ್ಣದ ಪೇಪರ್ ಹಾಳೆಗಳನ್ನೇ ತಂದು ಪ್ರಿಂಟರಿಗೆ ಹಾಕುತ್ತಿದ್ದರು. ಯಾವ ಓಣಿಗೆ ಯಾವತ್ತು ನೀರು, ಕರೆಂಟು ಎಷ್ಟು ಹೊತ್ತು ಇಲ್ಲ, ಯಾರದೋ ಅಂಕಪಟ್ಟಿ ಬಸ್ಸಿನಲ್ಲಿ ಕಳೆದಿದೆ, ಪುರಸಭೆಯ ಹೊಸ ಸದಸ್ಯರಿಗೆ ಗೆಳೆಯರ ಬಳಗದ ಶುಭಾಶಯ, ಎಮ್ಮೆ ತಪ್ಪಿಸಿಕೊಂಡಿದೆ ಕಂಡವರು ತಿಳಿಸಿ. ಅಷ್ಟೇ ನೋಡಿ, ಊರು ಎದ್ದು ಕೂತಿತು. ಎಮ್ಮೆ ಕಳೆದುಕೊಂಡವಳು ಕಾದಂಬರಿಯ ನಾಯಕಿಗೆ ಅತ್ತೆಯಾದಳು. ಜಾಗ ತುಂಬದಿದ್ದರೆ ಅವರು ಒಳಗಿನಿಂದಲೇ ಕೂಗುತ್ತಿದ್ದರು: "ಮೂರು ಸಾಲು ಕಡಿಮಿ ಬಿತ್ತು, ಇನ್ನೊಂದು ಎಮ್ಮಿ ಕಳೀ!"

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಅವರು, ನಾನು, ನನ್ನ ಅತ್ತೆ, ಮೂವರೇ. ಅತ್ತೆಗೆ ಎಂಬತ್ತು ದಾಟಿದೆ. ಬೆಳಿಗ್ಗೆ ಚಹಾ ಆದಕೂಡಲೇ ಭೂತಗನ್ನಡಿ ಹಿಡಿದು ನಿಜವಾದ ಪೇಪರಿನ ನಿಧನ ವಾರ್ತೆಯಿಂದಲೇ ಓದು ಶುರುಮಾಡುವವರು. ನಮ್ಮ ಪೇಪರನ್ನೂ ಹಾಗೇ ತಿರುಗಿಸಿ ಮುರುಗಿಸಿ ನೋಡಿ, "ಇದೇನ ಪೇಪರ್? ಯಾರೂ ಸತ್ತೇ ಇಲ್ಲ!" ಎಂದು ಮಡಿಚಿ ಇಟ್ಟರು. ಇವರೂ ತಾಯಿಯ ಕಡೆಗೇ. ನಿಧನ ವಾರ್ತೆ ಇಲ್ಲದಿದ್ದರೆ ಒಳಪುಟಕ್ಕೆ ಕಳೆಯೇ ಬರುವುದಿಲ್ಲವಂತೆ. ನಾನು ಒಪ್ಪಲಿಲ್ಲ. ಬರೆದದ್ದು ಆಗಿಬಿಡುತ್ತದೆ ಎಂಬ ಭಯ ನನಗೆ ಚಿಕ್ಕಂದಿನಿಂದ ಇದೆ. ಯಾರಾದರೂ ಕೇಳಿದರೆ ಅಂಥದ್ದೇನೂ ಇಲ್ಲ ಎನ್ನುತ್ತೇನೆ. ಪೆನ್ನು ಹಿಡಿದಾಗ ಇದೆ.

ಅದೇ ದಿನಗಳಲ್ಲಿ ನಮ್ಮ ಮನೆಯವರಿಗೆ ಮೆಟ್ಟಿಲು ಹತ್ತುವಾಗ ಎದೆ ಬಿಗಿಯತೊಡಗಿತು. ಗ್ಯಾಸು ಗ್ಯಾಸು ಎಂದು ಸೋಡಾ ಕುಡಿದು ಕುಡಿದು ದಿನ ತಳ್ಳಿದರು. ಕೊನೆಗೆ ನಾನೇ ಜಗಳ ತೆಗೆದು ಹುಬ್ಬಳ್ಳಿಯ ವಿದ್ಯಾನಗರದ ಒಂದು ದವಾಖಾನೆಗೆ ಎಳೆದುಕೊಂಡು ಹೋದೆ. ಹೃದಯದ ರಕ್ತನಾಳ ಕಟ್ಟಿರಬಹುದು, ಒಳಗೆ ನಳಿಗೆ ಹಾಕಿ ನೋಡಬೇಕು, ಕಟ್ಟಿದ್ದರೆ ಆಗಲೇ ಸ್ಟೆಂಟು ಕೂರಿಸುತ್ತೇವೆ ಎಂದರು ಡಾಕ್ಟರು. ಮುಂದಿನ ವಾರಕ್ಕೆ ಬರಹೇಳಿದರು. ಆ ವಾರವೆಲ್ಲ ನಾನು ಅಡಿಗೆಮನೆಯಲ್ಲಿ ನಿಂತು ಅವರ ಉಸಿರಾಟವನ್ನೇ ಕೇಳುತ್ತಿದ್ದೆ. ಕೆಮ್ಮಿದರೆ ಹೆದರಿಕೆ, ಕೆಮ್ಮು ನಿಂತರೆ ಇನ್ನೂ ಹೆದರಿಕೆ.

ಹುಬ್ಬಳ್ಳಿಯ ಕೇಶ್ವಾಪುರದಲ್ಲಿರುವ ಅವರ ಅಕ್ಕನಿಗೆ ವಿಷಯ ಹೇಳಬಾರದೆಂದು ಮೂವರೂ ಮಾತಾಡಿಕೊಂಡೆವು. ಆಕೆಗೆ ಬಿ.ಪಿ. ಇದೆ, ಟಿವಿ ಧಾರಾವಾಹಿಯಲ್ಲಿ ಮದುಮಗಳು ಅತ್ತರೂ ಈಕೆ ಅಳುವವಳು. ಎಲ್ಲ ಮುಗಿದು ಮನೆಗೆ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆವು.

ದವಾಖಾನೆಗೆ ಹೋಗಲು ಇನ್ನು ಒಂದೆರಡು ದಿನ ಇತ್ತು. ಬೆಳಿಗ್ಗೆ ನೀರು ಬಂದಿತ್ತು. ಟಾಕಿ ತುಂಬಿತೋ ಇಲ್ಲವೋ ನೋಡಲು ಅವರು ಮಾಳಿಗೆ ಹತ್ತಿದರು. ಬೇಡವೆಂದರೂ ಕೇಳುವ ಜೀವ ಅಲ್ಲ. ಅತ್ತೆ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದರು. ತೆಂಗಿನ ಮರದ ಕಡೆಯಿಂದ ಒಂದು ಕಾಗೆ ಇಳಿದು ಬಂದು ಮಾಳಿಗೆಯ ಮೇಲಿದ್ದ ಇವರ ತಲೆಯನ್ನು ಕಾಲಿನಿಂದ ಮುಟ್ಟಿ ಹೋಯಿತು. ಇವರು "ಹುಶ್" ಎಂದು ನಕ್ಕರು. ಕೆಳಗೆ ಅತ್ತೆ ನಗಲಿಲ್ಲ. ಅವರ ಮುಖ ನೋಡಿ ನನ್ನ ಕೈಯಲ್ಲಿದ್ದ ಕೊಡ ಜಾರಿತು.

ಕಾಗೆ ತಲೆ ಮುಟ್ಟಿದರೆ ಸಾವು ಎಂದು ಅತ್ತೆಯ ನಂಬಿಕೆ. ಅದಕ್ಕೆ ಪರಿಹಾರವೂ ಉಂಟು. ಮುಟ್ಟಿಸಿಕೊಂಡವನು ಸತ್ತನೆಂದು ಒಡಹುಟ್ಟಿದವರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅಳಬೇಕು, ಅತ್ತ ಮೇಲೆ ಸುಳ್ಳೆಂದು ತಿಳಿಸಬೇಕು. ಸಾವು ಬಂದು ತನ್ನ ಪಾಲು ತೆಗೆದುಕೊಂಡು ಹೋದ ಹಾಗೆ ಲೆಕ್ಕ. ಅತ್ತೆಯ ಕಾಲದಲ್ಲಿ ಇದಕ್ಕೆ ಆಳು ಹೋಗುತ್ತಿದ್ದ, ಆಮೇಲೆ ಕಾರ್ಡು ಹೋಗುತ್ತಿತ್ತು.

"ಲಗೂ ನಿಮ್ಮ ಅಕ್ಕಗ ಸುದ್ದಿ ಮುಟ್ಟಸ್ರಿ," ಎಂದರು ಅತ್ತೆ.

"ಬಿಡ್ತು ಅನ್ರಿ ಅತ್ತೀ! ಆಕಿಗೆ ಬಿ.ಪಿ. ಐತಿ. ಸುಳ್ಳು ಸುದ್ದಿ ಹೇಳಿ ಖರೇನ ಒಂದು ಹೆಣ ಬಿದ್ರ?" ಎಂದು ನಾನು ರೇಗಿದೆ.

"ಆಕಿ ಗಟ್ಟಿ ಅದಾಳ. ನನ್ನ ಮಗಳು ನನಗ ಗೊತ್ತಿಲ್ಲೇನ?"

ಮಾಳಿಗೆಯಿಂದ ಇಳಿದುಬಂದ ಇವರು, "ಯವ್ವಾ, ಈಗ ಸುದ್ದಿ ಕಳಿಸಿದ್ರ ಆಕಿ ವಿಡಿಯೋ ಕಾಲ್ ಮಾಡತಾಳ. ಹೆಣ ಆಗಿ ನಾನ ಫೋನ್ ಎತ್ತಲೇನು?" ಎಂದು ಮತ್ತೆ ನಕ್ಕರು. ನಗುವಾಗ ಎದೆಯ ಮೇಲೆ ಕೈ ಇಟ್ಟುಕೊಂಡದ್ದನ್ನು ನಾನೂ ನೋಡಿದೆ, ಅತ್ತೆಯೂ ನೋಡಿದರು.

ಅತ್ತೆ ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತವರು ಏಳಲೇ ಇಲ್ಲ. ಕರೆಯಲು ಹೋದರೆ, "ಆತು, ನಿಮ್ಮ ಆ ಸುಳ್ಳು ಪೇಪರ್‌ದಾಗರ ಹಾಕ್ರಿ. ನನ್ನ ಸಮಾಧಾನಕ್ಕ," ಎಂದರು. ಇವರ ಕಣ್ಣು ಮಿಂಚಿತು. ತಪ್ಪಿಹೋಗಿದ್ದ ಕಾಲಂ ಕೊನೆಗೂ ಸಿಕ್ಕಿತಲ್ಲ! ಕೂಡಲೇ ಕಂಪ್ಯೂಟರಿನ ಮುಂದೆ ಕೂತು ತಮ್ಮದೇ ಫೋಟೋ ಹಾಕಿ, ಸುತ್ತ ಕಪ್ಪು ಗೆರೆ ಎಳೆದು, "ಬಾ, ನೀ ಬರಿ, ನಾ ಕೂಡಸ್ತೇನಿ," ಎಂದರು.

"ನಿಮಗೇನ್ ಧಾಡಿ ಆಗೇತಿ? ನನ್ನ ಕೈಲೆ ಆಗೂದಿಲ್ಲ."

"ಇಲ್ಲದ ಊರಾಗ ಸತ್ರ ಏನಾಗತೈತಿ? ನಾಕ ಸಾಲು. ಅವ್ವ ಉಪಾಸ ಕುಂತಾಳ ನೋಡ."

ಅಂಥ ನಾಲ್ಕು ಸಾಲು ಯಾವ ಹೆಂಡತಿಯೂ ಬರೆಯಬಾರದು. ಆ ಊರಿನ ಪತ್ರಿಕೆಯ ಹಿರಿಯರು, ಅಲ್ಪಕಾಲದ ಅಸ್ವಸ್ಥತೆಯಿಂದ ಸ್ವಗೃಹದಲ್ಲಿ ನಿಧನರಾದರು ಎಂದು ಬರೆದೆ. ಮೃತರು ತಾಯಿ, ಅಕ್ಕ, ಎಂದು ಬರೆದು ಕೈ ನಿಂತಿತು. ಮುಂದಿನ ಶಬ್ದ 'ಪತ್ನಿ'. ಬೆರಳು ಏಳಲಿಲ್ಲ. ಅವರು ಹಿಂದೆ ನಿಂತು ಓದುತ್ತಿದ್ದವರು, "ಹೆಂಡತಿ ಬ್ಯಾಡಂದ್ರ ಬಿಡು. ಅಪಾರ ಬಂಧು-ಬಳಗದಾಗ ನೀನೂ ಬಂದ್ಯಲ್ಲ," ಎಂದು ಭುಜದ ಮೇಲೆ ಕೈ ಇಟ್ಟರು. ಕೈ ಬೆಚ್ಚಗಿತ್ತು. ಬಳಗವನ್ನು ಅಗಲಿದ್ದಾರೆ ಎಂದು ಮುಗಿಸಿ ಎದ್ದುಬಿಟ್ಟೆ. ಅತ್ತೆ ಆ ಹಾಳೆ ಇಸಿದುಕೊಂಡು, ಓದಿ, ಊಟಕ್ಕೆ ಬಂದರು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಆ ದಿನ ಬಂತು. ದವಾಖಾನೆಯಲ್ಲಿ ಸೇರಿಸಿಕೊಳ್ಳುವಾಗ ಸಂಬಂಧಿಕರ ಎರಡು ಫೋನ್ ನಂಬರ್ ಕೇಳಿದರು. ಇವರು ನನ್ನದು ಹೇಳಿ, ಇನ್ನೊಂದಕ್ಕೆ ಅಕ್ಕನದು ಹೇಳಿದರು. ಬೇರೆ ಯಾರ ನಂಬರೂ ಅವರಿಗೆ ಬಾಯಿಪಾಠ ಇರಲಿಲ್ಲ. ಹಸಿರು ಬಟ್ಟೆ ಹಾಕಿಸಿ ಗಾಲಿಮಂಚದ ಮೇಲೆ ಒಳಗೆ ಒಯ್ಯುವಾಗ, "ಹೆದರಬ್ಯಾಡ, ಮುಂದಿನ ವಾರದ ಮುಖಪುಟ ಖಾಲಿ ಐತಿ," ಎಂದರು. ಅವರ ತುಟಿ ಒಣಗಿತ್ತು. ಬಾಗಿಲು ಮುಚ್ಚಿಕೊಂಡಿತು.

ಹೊರಗೆ ಕಬ್ಬಿಣದ ಕುರ್ಚಿಯ ಮೇಲೆ ಕೂತೆ. ಫೋನು ಸದ್ದು ಮಾಡಬಾರದೆಂದು ಬೋರ್ಡು ಹಾಕಿದ್ದರು, ಸದ್ದು ತೆಗೆದು ಚೀಲದಲ್ಲಿ ಹಾಕಿದೆ. ಬೇಗ ಆಗುತ್ತದೆ ಎಂದಿದ್ದರು, ಆಗಲಿಲ್ಲ. ಒಬ್ಬ ನರ್ಸ್ ಓಡುತ್ತ ಒಳಗೆ ಹೋದಳು, ಇನ್ನೊಬ್ಬಳು ಓಡುತ್ತ ಹೊರಗೆ ಬಂದಳು. ಏನಾಯಿತೆಂದು ಕೇಳಿದರೆ, "ಕೂಡ್ರಿ ಅಮ್ಮಾ, ಕೂಡ್ರಿ," ಎಂದಷ್ಟೇ ಹೇಳಿ ಹೋದಳು. ಕೂತೆ. ಸ್ವಗೃಹದಲ್ಲಿ ಎಂದು ಬರೆದಿದ್ದೇನೆ, ದವಾಖಾನೆಯಲ್ಲಿ ಎಂದು ಬರೆದಿಲ್ಲ, ಹಾಗಾಗಿ ಇಲ್ಲಿ ಏನೂ ಆಗಲಾರದು ಎಂದು ಮನಸ್ಸು ಹುಚ್ಚುಚ್ಚಾಗಿ ವಾದ ಮಾಡುತ್ತಿತ್ತು. ಆಗ ಲಿಫ್ಟಿನ ಕಡೆಯಿಂದ ಆ ಕೂಗು ಕೇಳಿತು.

"ಅಯ್ಯಯ್ಯೋ ನನ್ನ ತಮ್ಮಾ! ಹೋಗಿಬಿಟ್ಟ್ಯಲ್ಲೋ ತಮ್ಮಾ! ನನಗ ಒಂದ ಮಾತು ಹೇಳಲಿಲ್ಲಲ್ಲೋ!"

ಅವರ ಅಕ್ಕ. ಸೆರಗು ನೆಲಕ್ಕೆ ಎಳೆಯುತ್ತಿದೆ, ಕಾಲಲ್ಲಿ ಚಪ್ಪಲಿ ಇಲ್ಲ, ಎದೆ ಎದೆ ಬಡಿದುಕೊಳ್ಳುತ್ತ ಬರುತ್ತಿದ್ದಾಳೆ. ನಾವು ಇಲ್ಲಿದ್ದೇವೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ದವಾಖಾನೆಯವರೇ ಹೇಳಿರಬೇಕು. ಚೀಲದಿಂದ ಫೋನು ತೆಗೆದೆ. ಎತ್ತದೆ ಬಿಟ್ಟ ಕರೆಗಳು, ಒಂದರ ಮೇಲೊಂದು, ಯಾರವೆಂದು ನೋಡುವ ವ್ಯವಧಾನ ಇರಲಿಲ್ಲ. ಅಂದರೆ ನನಗೆ ಮಾಡಿದ್ದಾರೆ, ನಾನು ಎತ್ತಿಲ್ಲ, ಎರಡನೆಯ ನಂಬರಿಗೆ ಮಾಡಿದ್ದಾರೆ. ಆ ನರ್ಸ್ ಕೂಡ್ರಿ ಎಂದಿದ್ದು ಅದಕ್ಕೇ. ಮುಚ್ಚಿದ ಬಾಗಿಲ ಆಚೆ ಅವರು ಇಲ್ಲ.

ಕುರ್ಚಿಯಿಂದ ಜಾರಿ ನೆಲಕ್ಕೆ ಕೂತೆ. ಬಾಯಿಂದ ಹೊರಟ ಧ್ವನಿ ನನ್ನದೆಂದು ನನಗೇ ತಿಳಿಯಲಿಲ್ಲ. ಅಕ್ಕ ಬಂದು ಮೇಲೆ ಬಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಗೋಳೋ ಎಂದು ಅತ್ತೆವು. ಅವರ ಅಂಗಿಗಳು ದೋರಿಯ ಮೇಲೆ ಒಣಗುತ್ತಿವೆ, ಮನೆಗೆ ಹೋಗಿ ತೆಗೆಯಬೇಕು, ತೆಗೆದು ಏನು ಮಾಡಬೇಕು ಎಂದು ಒಂದೇ ಯೋಚನೆ ತಲೆಯೊಳಗೆ ತಿರುಗುತ್ತಿತ್ತು.

ಕೊನೆಗೆ ಕಣ್ಣೊರೆಸಿಕೊಂಡು ಕೇಳಿದೆ. "ಅಕ್ಕಾರ, ದವಾಖಾನ್ಯಾವ್ರು ಏನಂದ್ರು ನಿಮಗ?"

"ದವಾಖಾನ್ಯಾವ್ರು ಯಾಕ ಅಂತಾರ? ಪೇಪರ್‌ದಾಗ ಬಂದೈತಲ್ಲ!" ಎಂದು ಆಕೆ ಕೈಯ ಮುಷ್ಟಿ ಬಿಚ್ಚಿದಳು. ಮುದ್ದೆಯಾದ ಮಾಸಲು ಹಾಳೆ. ಶೇಂಗಾ ಚಟ್ನಿಯ ಎಣ್ಣೆ ಇಳಿದಿತ್ತು. ಕಪ್ಪು ಗೆರೆಯ ನಡುವೆ ಇವರು ನಗುತ್ತಿದ್ದರು. ತಾಯಿ, ಅಕ್ಕ ಹಾಗೂ ಅಪಾರ ಬಂಧು-ಬಳಗ.

ಪಕ್ಕದ ಮನೆಯ ಟೀಚರು ದಿನಾ ಹುಬ್ಬಳ್ಳಿಯ ಶಾಲೆಗೆ ಹೋಗುತ್ತಾರೆ, ಕೇಶ್ವಾಪುರದ ಮೇಲೆಯೇ ಹಾದಿ. ನಾವು ಮನೆ ಬಿಟ್ಟಕೂಡಲೇ ಅತ್ತೆ ಆ ಹಾಳೆಯಲ್ಲಿ ಚಟ್ನಿಪುಡಿ ಕಟ್ಟಿ ಅವರ ಕೈಯಲ್ಲಿ ಮಗಳಿಗೆ ಕಳಿಸಿದ್ದಾರೆ. ಪೊಟ್ಟಣ ಬಿಚ್ಚಿದ ಮಗಳು ತಮ್ಮನ ಫೋಟೋ ನೋಡಿದ್ದಾಳೆ. ಅಂಥ ಹೊತ್ತಿನಲ್ಲಿ ಪೇಪರಿನ ಹೆಸರೇನು, ಊರು ಯಾವುದು ಎಂದು ಯಾರು ನೋಡುತ್ತಾರೆ? ತಮ್ಮನ ಫೋನು ಬಂದ್, ನಾನು ಎತ್ತಲಿಲ್ಲ. ತಾಯಿಗೆ ಮಾಡಿದರೆ ತಾಯಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ವಿದ್ಯಾನಗರದ ದವಾಖಾನೆಗೆ ಹೋಗು ಎಂದು ಹೇಳಿ ಫೋನು ಇಟ್ಟಿದ್ದಾರೆ.

"ಅಕ್ಕಾರ, ಇದು ಖರೇ ಪೇಪರ್ ಅಲ್ಲ. ನಾ ಬರದದ್ದು," ಎಂದೆ. ಆಕೆ ಬಾಯಿ ತೆರೆದು ನೋಡಿದಳು. ಆಮೇಲೆ ನನ್ನ ಬೆನ್ನಿಗೆ ಸರಿಯಾಗಿ ಒಂದು ಗುದ್ದಿದಳು. ಗುದ್ದಿ ಮತ್ತೆ ಅಳತೊಡಗಿದಳು. ಹಾಳೆಯ ಮೇಲಿನದು ಸುಳ್ಳು ಎಂದು ನನಗೆ ಗೊತ್ತು, ಬಾಗಿಲ ಆಚೆಯದು ಗೊತ್ತಿಲ್ಲ. ಇಬ್ಬರೂ ಬಾಗಿಲನ್ನೇ ನೋಡುತ್ತ ನೆಲದ ಮೇಲೆಯೇ ಕೂತಿದ್ದೆವು.

ಬಾಗಿಲು ತೆರೆಯಿತು. ಡಾಕ್ಟರು ಟೊಪ್ಪಿಗೆ ತೆಗೆಯುತ್ತ ಹೊರಬಂದು, "ಸ್ಟೆಂಟ್ ಹಾಕೇವ್ರಿ. ನಡುವ ಸ್ವಲ್ಪ ತ್ರಾಸ ಆಗಿತ್ತು, ಈಗ ಅರಾಮ ಅದಾರ. ನೀವ್ಯಾಕ ಹಿಂಗ ನೆಲದ ಮ್ಯಾಲ?" ಎಂದರು. ಅಕ್ಕ ಆ ಹಾಳೆಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಮನೆಗೆ ಕಳಿಸಿದ ದಿನ ಅವರನ್ನು ಒಳಗಿನ ಕೋಣೆಯಲ್ಲಿ ಮಲಗಿಸಿ ನೇರ ಅತ್ತೆಯ ಹತ್ತಿರ ಹೋದೆ. ಬೈಯಲೆಂದೇ ಹೋದೆ. ದವಾಖಾನೆಯಲ್ಲಿ ಕೂತು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ನಿಮ್ಮ ಮಗಳ ಜೀವ ಹೋಗಿದ್ದರೆ, ನನ್ನ ಜೀವ ಹೋಗಿದ್ದರೆ, ಇದೇನು ಹುಡುಗಾಟವೇ, ಎಂದೆಲ್ಲ. ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ಕಾಗೆ ಮುಟ್ಟಿದ ದಿನದಿಂದ ಅವರ ಕಣ್ಣಲ್ಲಿ ನಾನು ಒಂದು ಹನಿ ನೀರು ಕಂಡಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

"ನಿನಗೂ ಅಳು ಬಂತಂತ?"

"ಬಂತ್ರಿ."

"ಖರೇ ಅಂತ ನಂಬಿ?"

"ಖರೇ ಅಂತ ನಂಬಿ."

"ಮತ್ತೇನ ಬಿಡು. ಅಕ್ಕನೂ ಆತು, ಹೆಂಡತೀನೂ ಆತು," ಎಂದರು. ಅನ್ನುತ್ತಿದ್ದ ಹಾಗೇ ತುಟಿ ಅದುರಿತು. ಸೆರಗಿನಿಂದ ಮುಖ ಮುಚ್ಚಿಕೊಂಡು, ಆ ಮುದಿ ಮೈ ಅಷ್ಟೂ ನಡುಗುವಂತೆ ಅಳತೊಡಗಿದರು. ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈ ಇಟ್ಟೆ.

ಒಳಗಿನಿಂದ ಇವರ ದನಿ ಬಂತು. "ಯಾರದು, ಯಾರ ಅಳಾಕತ್ತಾರ?"

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಉಸಿರು ಹಿಡಿದು, ದನಿ ಸರಿಮಾಡಿಕೊಂಡು, "ಯಾರೂ ಇಲ್ಲೋ ಯಪ್ಪಾ. ನೀ ಮಲಕೋ," ಎಂದರು.